ಗಿಡ್ಡ ಗರಾಂಡ್ ಮೂರನೇ ಈಡಿಗೆ ಸಿಕ್ಕಿಕೊಂಡರೆ

ಮೊದಲು ನನ್ನ ಗಿಡ್ಡ ಗರಾಂಡ್ ರೈಫಲಿನ ರೋಗಲಕ್ಷಣ ಹೇಳಿಬಿಡುತ್ತೇನೆ. ಎಂಟು ತೋಟೆಗಳನ್ನು ಒಟ್ಟಿಗೆ ಹಿಡಿದಿಡುವ ಲೋಹದ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ಕೂರಿಸಿದೆ. ಮೊದಲ ಈಡು ಸರಿಯಾಗಿಯೇ ಹೋಯಿತು. ಎರಡನೆಯದೂ ಹೋಯಿತು, ಆದರೆ ಖಾಲಿ ಕೇಸು ದೂರ ಹಾರುವ ಬದಲು ನನ್ನ ಮೊಣಕೈ ಪಕ್ಕದಲ್ಲೇ ತೊಪ್ಪನೆ ಬಿತ್ತು. ಮೂರನೆಯದಕ್ಕೆ ಬೋಲ್ಟ್ (ಹಿಂದೆ ಮುಂದೆ ಸರಿದು ತೋಟೆಯನ್ನು ಒಳಗೆ ತಳ್ಳುವ, ನಳಿಗೆಯ ಹಿಂಬಾಯಿ ಮುಚ್ಚುವ ಭಾಗ) ಅರ್ಧ ದಾರಿಯಲ್ಲಿ ಖಾಲಿ ಕೇಸನ್ನು ಕಚ್ಚಿಕೊಂಡು ನಿಂತಿತು. ಕೈಯಿಂದ ಎಳೆದು ಬಿಡಿಸಿ ಮುಂದುವರಿಸಿದರೆ ಮತ್ತೆ ಎರಡು ಸರಿ, ಒಂದು ಕಚ್ಚು. ಎಂಟನೆಯದು ಮುಗಿದಾಗ ‘ಟಿಂಗ್’ ಎಂದು ಹೊರಗೆ ಚಿಮ್ಮಬೇಕಿದ್ದ ಖಾಲಿ ಕ್ಲಿಪ್ ಒಳಗೇ ಕೂತಿತ್ತು. ಬೋಲ್ಟ್ ಅದರ ಮೇಲೆ ಬಾಗಿಲು ಹಾಕಿಕೊಂಡಿತ್ತು.

ರೈಫಲ್ ಯಾವುದೆಂದರೆ ಅಮೆರಿಕ ಸೈನ್ಯದ ಎಂ1 ಗರಾಂಡಿನ ಗಿಡ್ಡ ರೂಪ. ಇಲ್ಲಿ ಅಮೆರಿಕದಲ್ಲಿ ಎಲ್ಲರೂ ‘ಟ್ಯಾಂಕರ್’ ಅನ್ನುತ್ತಾರೆ. ನಾನಿರುವುದು ಓಹಾಯೋದಲ್ಲಿ. ತೀರಿಕೊಂಡ ಒಬ್ಬ ಹಿರಿಯರ ಸಂಗ್ರಹ ಮಾರಾಟಕ್ಕೆ ಬಂದಾಗ ಲೈಸೆನ್ಸ್ ಇರುವ ಅಂಗಡಿಯ ಮೂಲಕ ತೆಗೆದುಕೊಂಡೆ. ಊರಲ್ಲಿ ಅಜ್ಜನ ಜೋಡು ನಳಿಗೆ ಕೋವಿಗೆ ಎಣ್ಣೆ ಹಚ್ಚುತ್ತಾ ಬೆಳೆದವನು ನಾನು. ಅದರಲ್ಲಿ ಕೆಡುವುದಕ್ಕೆ ಇರುವುದೇ ನಾಲ್ಕು ಭಾಗ. ಇದು ಹಾಗಲ್ಲ. ಊರಿನ ಓದುಗರಿಗೆ ಒಂದು ಮಾತು: ಇಂಥ ಅರೆ ಸ್ವಯಂಚಾಲಿತ ಸೈನಿಕ ರೈಫಲ್ ನಮ್ಮಲ್ಲಿ ತೋಟದ ಕೋವಿಯ ಲೈಸೆನ್ಸಿಗೆ ಸಿಗುವ ಸಾಮಾನಲ್ಲ. ಕೆಳಗಿನದೆಲ್ಲ ಇಲ್ಲಿನ ಕಾನೂನಿನಡಿ ಇದನ್ನು ಇಟ್ಟುಕೊಂಡು ರೇಂಜಿಗೆ ಒಯ್ಯುವವರಿಗೆ.

ಇದಕ್ಕೆ ಸೈನ್ಯದ ಕೈಪಿಡಿ ಯಾಕಿಲ್ಲ

ಉದ್ದದ ಗರಾಂಡಿಗೆ ಸೈನ್ಯದ ಕೈಪಿಡಿ ಇದೆ, ಪ್ರತಿ ಬಿಡಿಭಾಗದ ಅಳತೆ ಇದೆ, ಸವೆತದ ಮಿತಿ ಇದೆ. ಜಾನ್ ಗರಾಂಡ್ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ರೂಪಿಸಿದ ಈ ರೈಫಲನ್ನು ಸೈನ್ಯ 1936ರಲ್ಲಿ ಒಪ್ಪಿಕೊಂಡಿತು. ಮುಂದೆ ಐವತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ನಳಿಗೆ 24 ಇಂಚು, ತೋಟೆ .30-06.

ಗಿಡ್ಡ ರೂಪದ ಕತೆ ಬೇರೆ. 1944ರಲ್ಲಿ ಗರಾಂಡ್ ಅವರೇ 18 ಇಂಚು ನಳಿಗೆ, ಮಡಚುವ ಹಿಡಿಯ ಎಂ1ಇ5 ಎಂಬ ಮಾದರಿ ಮಾಡಿದರು. ಗುರಿ ಕೆಟ್ಟಿರಲಿಲ್ಲ, ಆದರೆ ನಳಿಗೆಯ ಬಾಯಿಯ ಬೆಂಕಿ, ಸದ್ದು, ಒದೆತ ಅತಿಯಾಯಿತೆಂದು ಪರೀಕ್ಷಿಸಿದವರು ಹೇಳಿದರು. ಅಷ್ಟರಲ್ಲಿ ಪೆಸಿಫಿಕ್ ರಣರಂಗದ ಕಾಡುಗಳಲ್ಲಿದ್ದವರು ನಮಗೆ ಗಿಡ್ಡದ್ದೇ ಬೇಕೆಂದು ಕೇಳಿದರು. ಅಲ್ಲಿನ ವರ್ಕ್‌ಶಾಪಿನಲ್ಲೇ ಕೆಲವನ್ನು ಕತ್ತರಿಸಿಯೂ ನೋಡಿದರು. 1945ರಲ್ಲಿ ಟಿ26 ಎಂಬ ಹೆಸರಲ್ಲಿ 15,000 ಮಾಡುವ ಯೋಜನೆಯಾಯಿತು. ಯುದ್ಧ ಮುಗಿಯಿತು, ಯೋಜನೆಯೂ ಮುಗಿಯಿತು. ಟ್ಯಾಂಕ್ ಪಡೆಗೆ ಇದು ಯಾವತ್ತೂ ಹೋಗಲಿಲ್ಲ. ‘ಟ್ಯಾಂಕರ್’ ಅನ್ನುವುದು ಯುದ್ಧದ ನಂತರ ಹಳೇ ಸಾಮಾನು ಮಾರುವವರು ಇಟ್ಟ ಹೆಸರು. ಹೆಸರು ಮಾತ್ರ ಚೆನ್ನಾಗಿದೆ.

ಕತೆ ಯಾಕೆ ಹೇಳಿದೆನೆಂದರೆ, ಇವತ್ತು ನಿಮ್ಮ ಕೈಯಲ್ಲಿರುವ ಗಿಡ್ಡ ಗರಾಂಡ್ ಯಾವುದೋ ಖಾಸಗಿ ವರ್ಕ್‌ಶಾಪಿನಲ್ಲಿ ಯಾರೋ ಕತ್ತರಿಸಿ ಬೆಸೆದದ್ದು. ನಳಿಗೆ ಗಿಡ್ಡವಾದರೆ ಅದರ ಜೊತೆ ಇನ್ನೂ ಮೂರು ಬದಲಾಗಬೇಕು: ಆಪರೇಟಿಂಗ್ ರಾಡ್ (ಆಪ್ ರಾಡ್, ಅಂದರೆ ಗ್ಯಾಸಿನ ತಳ್ಳಾಟಕ್ಕೆ ಹಿಂದೆ ಸರಿದು ಬೋಲ್ಟನ್ನು ಎಳೆಯುವ ಸರಳು), ಅದರ ಸ್ಪ್ರಿಂಗ್, ಗ್ಯಾಸ್ ತೂತು (ಸುಟ್ಟ ಮದ್ದಿನ ಗ್ಯಾಸ್ ನಳಿಗೆಯಿಂದ ಹೊರಬರುವ ರಂಧ್ರ). ದೋಷ ಹುಡುಕುವುದೆಂದರೆ ಈ ಮೂರರಲ್ಲಿ ಯಾವುದನ್ನು ಅವನು ಅಂದಾಜಿನ ಮೇಲೆ ಮಾಡಿದ್ದಾನೆ ಎಂದು ಹುಡುಕುವುದು. ತೋಟೆಯನ್ನು ಬೈಯುವುದು ಆಮೇಲೆ.

ಮುಟ್ಟುವ ಮೊದಲು

ಬೋಲ್ಟನ್ನು ಪೂರ್ತಿ ಹಿಂದೆ ಎಳೆದು ಹಿಡಿದುಕೊಳ್ಳಿ, ಎಡಗಡೆಯ ಕ್ಲಿಪ್ ಲ್ಯಾಚ್ ಒತ್ತಿ ಕ್ಲಿಪ್ ಹೊರಗೆ ತೆಗೆಯಿರಿ, ಚೇಂಬರಿಗೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗಕ್ಕೆ, ಟಾರ್ಚ್ ಹಾಕಿ ನೋಡಿ. ಬೆರಳು ಹಾಕಿ ನೋಡಬೇಡಿ. ಗರಾಂಡಿನ ಬೋಲ್ಟ್ ಹೆಬ್ಬೆರಳಿನ ಮೇಲೆ ಮುಚ್ಚಿಕೊಂಡರೆ ಉಗುರು ಕಪ್ಪಾಗಿ ಎರಡು ತಿಂಗಳು ನೆನಪಿರುತ್ತದೆ, ನನಗೆ ಇದೆ.

ಇನ್ನು ಎರಡು ವಿಷಯ ಖಚಿತವಾಗದೆ ಮುಂದಿನ ಈಡು ಹೊಡೆಯಲೇಬೇಡಿ.

ಮೊದಲನೆಯದು, ನಿಮ್ಮದು ಯಾವ ತೋಟೆಯ ನಳಿಗೆ ಎನ್ನುವುದು. ಈ ಗಿಡ್ಡ ರೂಪಗಳು .30-06ರಲ್ಲೂ ಇವೆ, .308ರಲ್ಲೂ ಇವೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮ. .30-06 ಚೇಂಬರಿಗೆ .308 ತೋಟೆ ಹೋಗಿ ಕೂರುತ್ತದೆ, ಅದೇ ಅಪಾಯ. ನಳಿಗೆಯ ಮೇಲೆ ಕೊರೆದ ಅಕ್ಷರವನ್ನೇ ಪೂರ್ತಿ ನಂಬುವ ಹಾಗಿಲ್ಲ, ಕೆಲವರು ನಳಿಗೆ ಬದಲಿಸಿರುತ್ತಾರೆ. ಹೆಡ್‌ಸ್ಪೇಸ್ ಗೇಜ್ (ಬೋಲ್ಟ್ ಮುಚ್ಚಿದಾಗ ಚೇಂಬರಿನಲ್ಲಿ ತೋಟೆಗೆ ಎಷ್ಟು ಜಾಗ ಇದೆ ಎಂದು ಅಳೆಯುವ ಅಚ್ಚು) ಇರುವವರ ಹತ್ತಿರ ಹೋಗಿ. .30-06ಕ್ಕೆ ‘ಗೋ’ ಗೇಜ್ 1.940 ಇಂಚು, ‘ಫೀಲ್ಡ್’ ಗೇಜ್ 1.950. ‘ಫೀಲ್ಡ್’ ಗೇಜಿನ ಮೇಲೆ ಬೋಲ್ಟ್ ಮುಚ್ಚಿಕೊಂಡರೆ ಆ ರೈಫಲ್ ಅವತ್ತಿಗೆ ನಿಂತ ಹಾಗೆ.

ಎರಡನೆಯದು, ರಿಸೀವರ್ (ನಳಿಗೆ ಕೂರುವ, ಬೋಲ್ಟ್ ಓಡಾಡುವ ಮುಖ್ಯ ಲೋಹದ ಚೌಕಟ್ಟು) ಒಂದೇ ತುಂಡೋ ಎರಡೋ. ನಗಬೇಡಿ. ಸೈನ್ಯ ಗುಜರಿಗೆ ಹಾಕುವಾಗ ರಿಸೀವರುಗಳನ್ನು ಅಡ್ಡ ಕತ್ತರಿಸಿತ್ತು. ಹಳೇ ಗಿಡ್ಡ ಗರಾಂಡುಗಳಲ್ಲಿ ಎಷ್ಟೋ ಹೀಗೆ ಕತ್ತರಿಸಿದ ಎರಡು ಅರ್ಧಗಳನ್ನು ಮತ್ತೆ ಬೆಸೆದು ಮಾಡಿದವು. ಮರದ ಹಿಡಿ ಬಿಚ್ಚಿ ರಿಸೀವರಿನ ಒಳಮೈ, ಅದರಿಂದ ಕೆಳಕ್ಕೆ ಚಾಚಿದ ಕಾಲುಗಳ ಬುಡವನ್ನು ಓರೆ ಬೆಳಕಿನಲ್ಲಿ ನೋಡಿ. ಬೆಸುಗೆಯ ಗೀಟು, ಸಣ್ಣ ಗುಳಿ, ಬಣ್ಣದ ವ್ಯತ್ಯಾಸ ಕಾಣುತ್ತದೆ. ಬಲಗಾಲಿನ ಮೇಲಿನ ಡ್ರಾಯಿಂಗ್ ನಂಬರಿಗೂ ಹಿಂಭಾಗದ ಸೀರಿಯಲ್ ನಂಬರಿನ ಕಾಲಕ್ಕೂ ತಾಳೆಯಾಗದಿದ್ದರೆ ಅನುಮಾನ ಪಡಿ. ಅಂಥದ್ದು ಸಿಕ್ಕರೆ ಈ ಬರಹ ನಿಮಗಲ್ಲ. ಗನ್‌ಸ್ಮಿತ್ ನೋಡಲಿ, ಅಲ್ಲಿಯವರೆಗೆ ಗೋಡೆಯ ಮೇಲೆ ಚೆಂದ.

ಜೊತೆಗೆ ಇನ್ನೊಂದು. ಒಂದು ಸಲ ಟ್ರಿಗರ್ ಒತ್ತಿದಾಗ ಎರಡು ಈಡು ಹೋದರೆ, ಅಥವಾ ಬೋಲ್ಟ್ ಮುಚ್ಚುವಾಗಲೇ ತೋಟೆ ಸಿಡಿದರೆ, ಅದು ನಾವು ನೀವು ಮನೆಯಲ್ಲಿ ಕೂತು ಹುಡುಕುವ ದೋಷವಲ್ಲ. ಗರಾಂಡಿನ ಫೈರಿಂಗ್ ಪಿನ್, ಅಂದರೆ ತೋಟೆಯ ತಳಕ್ಕೆ ಬಡಿಯುವ ಸೂಜಿ, ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಓಡಾಡುತ್ತದೆ. ಮೆದು ಪ್ರೈಮರಿನ (ತಳದಲ್ಲಿ ಕಿಡಿ ಹೊತ್ತಿಸುವ ಟೋಪಿಯ) ತೋಟೆಯನ್ನು ಒಂಟಿಯಾಗಿ ಚೇಂಬರಿಗೆ ಹಾಕಿ ಬೋಲ್ಟ್ ಬಿಟ್ಟರೆ ಅದು ಸಿಡಿಯುವ ಸಾಧ್ಯತೆ ಇದೆ. ಹಾಗೆ ಮಾಡಲೇಬೇಡಿ.

ಲಕ್ಷಣ ಓದುವುದು

ಗರಾಂಡಿನಲ್ಲಿ ಒಂದೇ ಸ್ಪ್ರಿಂಗಿಗೆ ಎರಡು ಕೆಲಸ. ಆಪ್ ರಾಡನ್ನು ಮುಂದಕ್ಕೆ ತಳ್ಳುವುದೂ ಅದೇ, ಕ್ಲಿಪ್ಪಿನಲ್ಲಿರುವ ತೋಟೆಗಳನ್ನು ಫಾಲೋವರ್ ಎಂಬ ಎತ್ತುವ ತುಂಡಿನ ಮೂಲಕ ಮೇಲಕ್ಕೆ ಎತ್ತುವುದೂ ಅದೇ. ಇದು ತಲೆಯಲ್ಲಿ ಕೂತರೆ ಅರ್ಧ ರೋಗ ಗೊತ್ತಾದ ಹಾಗೆ.

ಖಾಲಿ ಕೇಸು ಸೋಮಾರಿಯಾಗಿ ಬೀಳುತ್ತದೆ, ಆಗಾಗ ಬೋಲ್ಟಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಕೊನೆಯಲ್ಲಿ ಕ್ಲಿಪ್ ಚಿಮ್ಮುವುದಿಲ್ಲ: ಇವು ಮೂರೂ ಒಟ್ಟಿಗೆ ಬಂದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿಲ್ಲ ಎಂದರ್ಥ. ಒಂದೋ ಗ್ಯಾಸಿನ ತಳ್ಳಾಟ ಸಾಲದು, ಇಲ್ಲವೇ ದಾರಿಯಲ್ಲಿ ಏನೋ ಅಡ್ಡಿ ಇದೆ.

ಕೇಸು ಜೋರಾಗಿ ದೂರ ಹಾರುತ್ತದೆ, ಆದರೆ ಬೋಲ್ಟ್ ಮುಂದಿನ ತೋಟೆಯ ಹಿಂಬದಿ ಹಿಡಿಯದೆ ಅದರ ಮೇಲೆಯೇ ಜಾರಿ ಹೋಗುತ್ತದೆ: ಇದು ತದ್ವಿರುದ್ಧ ಕಾಯಿಲೆ. ಬೋಲ್ಟಿನ ಓಟಕ್ಕೆ ತೋಟೆ ಮೇಲೆ ಬರುವ ವೇಗ ಸಾಲುತ್ತಿಲ್ಲ. ಸ್ಪ್ರಿಂಗನ್ನು ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿರಬಹುದು, ಅದು ಸೋತಿರಬಹುದು, ಅಥವಾ ಗ್ಯಾಸ್ ವಿಪರೀತವಾಗಿರಬಹುದು. ಕೇಸಿನ ಅಂಚು ಬಾಗಿ, ಮೈ ಜಜ್ಜಿಕೊಂಡು ಬಂದಿದ್ದರೆ ಮೊದಲು ಗ್ಯಾಸನ್ನೇ ಅನುಮಾನಿಸಿ.

ಇವೆರಡನ್ನು ಕಲಸಿಕೊಂಡವರು ಬಹಳ. ಮೊದಲ ಕಾಯಿಲೆಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದು ಹೆಚ್ಚಾಗುತ್ತದೆ. ಎರಡನೆಯದಕ್ಕೆ ಗ್ಯಾಸ್ ತೂತು ಅಗಲ ಮಾಡಿದರೆ ಆಪ್ ರಾಡ್ ಬಾಗುತ್ತದೆ. ನನ್ನದು ಮೊದಲನೆಯದು ಎಂದು ನೆಲದ ಮೇಲೆ ಬಿದ್ದ ಕೇಸುಗಳೇ ಹೇಳಿದವು.

ಓರೆ ಹಿಡಿಯುವ ಪರೀಕ್ಷೆ

ಮೊದಲು ಅರ್ಧ ನಿಮಿಷದ ಕೆಲಸ: ಗ್ಯಾಸ್ ಸಿಲಿಂಡರಿನ (ನಳಿಗೆಯ ತುದಿಯಲ್ಲಿ ಗ್ಯಾಸನ್ನು ಹಿಡಿದು ರಾಡಿಗೆ ತಲುಪಿಸುವ ಕೊಳವೆ) ಮುಂದಿನ ಪ್ಲಗ್ ಬಿಗಿಯಾಗಿದೆಯೇ ನೋಡಿ. ಸಡಿಲವಿದ್ದರೆ ಗ್ಯಾಸ್ ಅಲ್ಲೇ ಸೋರುತ್ತದೆ, ಮುಂದಿನದೆಲ್ಲ ವ್ಯರ್ಥ ಶ್ರಮ. ನನ್ನದು ಬಿಗಿಯಾಗಿತ್ತು.

ಆಮೇಲೆ ಬಿಚ್ಚಿ. ಟ್ರಿಗರ್ ಗುಂಪು ಹೊರಗೆ, ಮರ ಹೊರಗೆ, ಸ್ಪ್ರಿಂಗ್ ಮತ್ತು ಫಾಲೋವರ್ ರಾಡ್ ಹೊರಗೆ, ಬೋಲ್ಟ್ ಕೂಡ ಹೊರಗೆ. ಆಪ್ ರಾಡ್ ಒಂದನ್ನೇ ಅದರ ಜಾಡಿಗೆ ಕೂರಿಸಿ ನಳಿಗೆಯನ್ನು ಮೇಲಕ್ಕೂ ಕೆಳಕ್ಕೂ ಓರೆ ಮಾಡಿ. ಯಾರೂ ಮುಟ್ಟದೆ ರಾಡ್ ತನ್ನ ಭಾರಕ್ಕೇ ಜಾರಿ ಆ ತುದಿಯಿಂದ ಈ ತುದಿಗೆ ಬರಬೇಕು. ನನ್ನದು ಬೆಣ್ಣೆಯ ಹಾಗೆ ಜಾರಿತು. ಆಗ ನಿಜಕ್ಕೂ ನಿರಾಸೆಯಾಯಿತು, ಏಕೆಂದರೆ ಅಲ್ಲೇ ಸಿಗುತ್ತದೆ ಅಂದುಕೊಂಡಿದ್ದೆ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಬೋಲ್ಟ್ ಮತ್ತು ಸ್ಪ್ರಿಂಗ್ ಇಲ್ಲದೆಯೇ ಮತ್ತೆ ಮರದೊಳಗೆ ಕೂರಿಸಿ, ಟ್ರಿಗರ್ ಗುಂಪು ಹಾಕಿ ಬಿಗಿ ಮಾಡಿ. ಬೋಲ್ಟ್ ಇಲ್ಲದ್ದರಿಂದ ಹ್ಯಾಮರ್ ಏನನ್ನೂ ಒತ್ತುವುದಿಲ್ಲ. ಈಗ ಓರೆ ಮಾಡಿ. ಮರವಿಲ್ಲದೆ ಜಾರುತ್ತಿದ್ದ ರಾಡ್ ಈಗ ಮುಕ್ಕಾಲು ದಾರಿಯಲ್ಲಿ ‘ಕಿರ್ರ್’ ಎಂದು ನಿಂತಿತು. ಬೆರಳಿನಿಂದ ತಟ್ಟಿದರೆ ಹೋಗುತ್ತದೆ, ತಾನಾಗಿ ಹೋಗುವುದಿಲ್ಲ.

ಊರಿನಿಂದ ಬಂದಿದ್ದ ಭಾವ ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದರು. “ಮಾರಾಯ, ಹೊಸ ಬಾಗಿಲು ಚೌಕಟ್ಟಿಗೆ ತಾಗಿದರೆ ಆಚಾರಿ ಏನು ಮಾಡ್ತಾನೆ? ಮಸಿ ಹಚ್ಚಿ ನೋಡ್ತಾನೆ” ಅಂದರು. ಮಸಿ ಎಲ್ಲಿಂದ ತರುವುದು? ಹೆಂಡತಿಯ ಕಾಡಿಗೆ ಡಬ್ಬಿ ತಂದೆ. ಅವಳ ಮುಖ ನೋಡಲಿಲ್ಲ. ಆಪ್ ರಾಡಿನ ಕೊಳವೆಯ ಉದ್ದಕ್ಕೂ ತೆಳ್ಳಗೆ ಕಾಡಿಗೆ ಸವರಿ, ಮರ ಕೂರಿಸಿ, ಹತ್ತು ಸಲ ಆಡಿಸಿ ಬಿಚ್ಚಿದೆ. ಮರದ ಕಾಲುವೆಯ ಬಲಗೋಡೆಯಲ್ಲಿ, ಮುಂತುದಿಯಿಂದ ಎರಡು ಬೆರಳು ಹಿಂದೆ, ಅಕ್ಕಿಕಾಳಿನಷ್ಟು ಕಪ್ಪು ಗೀಟು. ರಾಡಿನ ಮೇಲೆ ಅದೇ ಎತ್ತರದಲ್ಲಿ ಕಾಡಿಗೆ ಒರೆಸಿ ಹೋಗಿ ಲೋಹ ಹೊಳೆಯುತ್ತಿತ್ತು. ಉಗುರು ಆಡಿಸಿದರೆ ಸಣ್ಣ ಏಣು ತಾಗಿತು. ರಾಡನ್ನು ಆರು ಇಂಚು ಗಿಡ್ಡ ಮಾಡಿ ಬೆಸೆದ ಜಾಗ ಅದು. ಬೆಸುಗೆಯನ್ನು ಪೂರ್ತಿ ನಯ ಮಾಡದೆ ಬಿಟ್ಟಿದ್ದರು.

ರಾಡನ್ನು ಅರ ಹಾಕಿ ತಿಕ್ಕುವ ಆಸೆ ಬರುತ್ತದೆ. ಬೇಡ. ಬೆಸೆದ ಜಾಗದಲ್ಲಿ ಲೋಹ ತೆಗೆಯುವುದೆಂದರೆ ಬಲ ತೆಗೆಯುವುದು. ಕಾಲುವೆಯ ಮರವನ್ನೇ ದುಂಡು ಕೋಲಿಗೆ ಸುತ್ತಿದ ಮರಳು ಕಾಗದದಿಂದ ತಿಕ್ಕಿ, ಮತ್ತೆ ಕಾಡಿಗೆ, ಮತ್ತೆ ತಿಕ್ಕು. ನಾಲ್ಕನೇ ಸುತ್ತಿಗೆ ಗೀಟು ಬೀಳುವುದು ನಿಂತಿತು. ಬಾಗಿದ ರಾಡ್ ನಳಿಗೆಗೇ ತಾಗುತ್ತಿದ್ದರೆ ಮಾತ್ರ ಮರಳು ಕಾಗದ ಉಪಯೋಗವಿಲ್ಲ. ಗರಾಂಡಿನ ರಾಡಿನಲ್ಲಿ ಬೇಕೆಂದೇ ಮಾಡಿದ ಬಾಗುಗಳಿವೆ, ಅದನ್ನು ನೆಟ್ಟಗೆ ಮಾಡಹೊರಟು ಹಾಳು ಮಾಡಿದವರಿದ್ದಾರೆ.

ಜಾರುವ ಜಾಗಕ್ಕೆ ಗ್ರೀಸ್ ಹಚ್ಚಿ, ಎಣ್ಣೆಯಲ್ಲ. ಎಣ್ಣೆ ಎರಡು ಕ್ಲಿಪ್ಪಿಗೆ ಆರಿಹೋಗುತ್ತದೆ.

ರೇಂಜಿನಲ್ಲಿ ಮುಕ್ಕಾಲು ಪಾಲು ಗುಣವಾಯಿತು. ಕೇಸು ಕಚ್ಚುವುದು ನಿಂತಿತು. ಆದರೆ ಮೂರು ಕ್ಲಿಪ್ಪಿನಲ್ಲಿ ಒಂದು ಇನ್ನೂ ಚಿಮ್ಮುತ್ತಿರಲಿಲ್ಲ.

ಡ್ರಿಲ್ ಹಿಡಿದು ಬರುವವರು

ಪಕ್ಕದ ಬೆಂಚಿನವರು ಆಗಲೇ ತೀರ್ಪು ಕೊಟ್ಟಿದ್ದರು: ಗ್ಯಾಸ್ ತೂತು ಸಣ್ಣದು, ಒಂದು ಸುತ್ತು ಅಗಲ ಮಾಡಿಸಿ. ಗಿಡ್ಡ ಗರಾಂಡ್ ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಕೇಳುವ ಸಲಹೆ ಇದು. ಕೊನೆಗೆ ಅದೇ ಸರಿಯಾಗಲೂಬಹುದು, ಆದರೆ ಮೊದಲೇ ಮಾಡುವ ಕೆಲಸವಲ್ಲ. ಕೊರೆದ ಲೋಹ ವಾಪಸ್ ಬರುವುದಿಲ್ಲ.

ಗ್ಯಾಸ್ ತೂತು ನಳಿಗೆಯ ಬಾಯಿಯಿಂದ ಒಂದೂವರೆ ಇಂಚಿನ ಆಸುಪಾಸಿನಲ್ಲಿರುತ್ತದೆ. ಗುಂಡು ಅದನ್ನು ದಾಟಿ ಬಾಯಿ ಬಿಡುವ ತನಕದ ಆ ಕ್ಷಣದಲ್ಲೇ ಗ್ಯಾಸ್ ಪಿಸ್ಟನ್ನನ್ನು ತಳ್ಳಬೇಕು. 24 ಇಂಚಿಗೆ ಹೋಲಿಸಿದರೆ 18 ಇಂಚಿನ ಹೊತ್ತಿಗೆ ನಳಿಗೆಯೊಳಗಿನ ಒತ್ತಡ ಇನ್ನೂ ಜಾಸ್ತಿಯೇ ಇರುತ್ತದೆ. ಹಾಗಾಗಿ ಗಿಡ್ಡದ್ದಕ್ಕೆ ಗ್ಯಾಸ್ ಕಡಿಮೆ ಎನ್ನುವುದು ಕಣ್ಣು ಮುಚ್ಚಿ ಒಪ್ಪುವ ಮಾತಲ್ಲ. ಬಂದ ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ಮೊದಲು ನೋಡಬೇಕು.

ಗ್ಯಾಸ್ ಸಿಲಿಂಡರ್ ಕಳಚಿ ನಳಿಗೆಯ ಮೇಲೆ ತೂತಿನ ಸುತ್ತ ಬಿದ್ದ ಮಸಿ ನೋಡಿದೆ. ದುಂಡಗೆ ಇತ್ತು. ಅದು ಬಿದಿಗೆ ಚಂದ್ರನ ಹಾಗೆ ಕಂಡರೆ ಸಿಲಿಂಡರಿನ ತೂತು ನಳಿಗೆಯ ತೂತಿಗೆ ಸರಿಯಾಗಿ ಎದುರಾಗಿಲ್ಲ, ಅರ್ಧ ಮುಚ್ಚಿದೆ ಎಂದರ್ಥ. ಗಿಡ್ಡ ಮಾಡುವಾಗ ನಳಿಗೆಯ ತುದಿಯ ತಿರುಪಿನ ಗೆರೆ ಮತ್ತು ಉದ್ದ ಕಾಲುವೆಗಳನ್ನು ಹೊಸದಾಗಿ ಕೊರೆದಿರುತ್ತಾರಾದ್ದರಿಂದ ಇಲ್ಲಿ ತಪ್ಪು ಸುಲಭ. ತೂತಿನ ಅಗಲಕ್ಕೆ ಡ್ರಿಲ್ ಬಿಟ್ಟಿನ ನಯವಾದ ಹಿಂತುದಿ ಇಳಿಸಿ ನೋಡಿದೆ. ಉದ್ದದ ಗರಾಂಡಿನಲ್ಲಿ ಅದು 0.08 ಇಂಚಿನ ಆಸುಪಾಸು, ಅಂದರೆ ಸುಮಾರು 2 ಮಿಲಿಮೀಟರ್. ನನ್ನದೂ ಅಷ್ಟೇ ಇತ್ತು.

ಉಳಿದದ್ದು ಪಿಸ್ಟನ್, ಅಂದರೆ ಆಪ್ ರಾಡಿನ ಮುಂತುದಿ. ಮೈಕ್ರೋಮೀಟರ್ ಇಟ್ಟೆ. ಹೊಸದಿದ್ದಾಗ 0.526 ಇಂಚು ಇರಬೇಕು, 0.525ಕ್ಕಿಂತ ಕೆಳಗಿಳಿದರೆ ಬದಲಿಸುವುದು ವಾಡಿಕೆ. ನನ್ನದು 0.523. ಪೀಣ್ಯದ ಲೇತ್ ಹುಡುಗರ ಭಾಷೆಯಲ್ಲಿ ಮೂರು ‘ಥೌ’ (ಇಂಚಿನ ಸಾವಿರದಲ್ಲೊಂದು ಭಾಗ) ಕಮ್ಮಿ. ಮೂರು ಥೌ ಅಂದರೆ ಕೂದಲೆಳೆಯಷ್ಟು, ಆದರೆ ಪಿಸ್ಟನ್ನಿನ ಸುತ್ತಲೂ ಗ್ಯಾಸ್ ನುಸುಳಲು ಅಷ್ಟು ಸಾಕು. ಸಿಲಿಂಡರಿನ ಒಳ ಅಗಲ 0.532ರೊಳಗೇ ಇತ್ತು, ಅದಕ್ಕೆ ಏನೂ ಮಾಡಬೇಕಾಗಲಿಲ್ಲ. ಪಿಸ್ಟನ್ನನ್ನು ಹೊಳೆಯುವ ಹಾಗೆ ಉಕ್ಕಿನ ನಾರಿನಿಂದ ತಿಕ್ಕುವ ಚಾಳಿ ಹಿಂದಿನ ಮಾಲೀಕರಿಗೆ ಇದ್ದಿರಬೇಕು ಎಂದು ನನ್ನ ಅನುಮಾನ. ಅಲ್ಲಿ ಕಪ್ಪು ಹಾಗೇ ಇದ್ದರೂ ನಷ್ಟವಿಲ್ಲ.

ಉದ್ದದ ಗರಾಂಡಾದರೆ ಬೇರೆ ರಾಡ್ ತಂದು ಹಾಕಿದರೆ ಮುಗಿಯಿತು. ಗಿಡ್ಡದ್ದಕ್ಕೆ ಅಂಗಡಿಯ ಕಪಾಟಿನಿಂದ ತೆಗೆದ ರಾಡ್ ಹೊಂದುವುದಿಲ್ಲ. ಎಂ1 ಕಾರ್ಬೈನಿನ ಭಾಗ ತರಿಸಿ ಮೋಸಹೋದವರನ್ನೂ ನೋಡಿದ್ದೇನೆ. ಅದರ ನಳಿಗೆಯೂ 18 ಇಂಚೇ, ಹೆಸರಲ್ಲೂ ಎಂ1 ಇದೆ, ಆದರೆ ಅದು ಬೇರೆಯೇ ಬಂದೂಕು, ತೋಟೆಯೂ ಬೇರೆ, ಹಿಡಿಯ ಹಿಂಬದಿಯ ತಗಡಿನ ಒಂದು ಸ್ಕ್ರೂ ಬಿಟ್ಟರೆ ಅದರ ಯಾವ ಭಾಗವೂ ಇದಕ್ಕೆ ಕೂರುವುದಿಲ್ಲ. ನಾನು ಇದ್ದ ರಾಡಿಗೇ ಹೊಸ ಪಿಸ್ಟನ್ ತುದಿ ಬೆಸೆಸಿದೆ. ಈ ಕೆಲಸ ಬಲ್ಲ ಗನ್‌ಸ್ಮಿತ್ ಒಬ್ಬರು ಆರು ವಾರ ಇಟ್ಟುಕೊಂಡು 0.526ಕ್ಕೆ ತಂದುಕೊಟ್ಟರು.

ಸ್ಪ್ರಿಂಗಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಉದ್ದದ ರೈಫಲಿನ ಹೊಸ ಸ್ಪ್ರಿಂಗ್ 20 ಇಂಚಿನ ಆಸುಪಾಸು. ಗಿಡ್ಡ ರಾಡಿನ ಕೊಳವೆಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗೇ ತುರುಕಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ಬೋಲ್ಟ್ ಪೂರ್ತಿ ಹಿಂದೆ ಬರುವ ಮೊದಲೇ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಬೋಲ್ಟನ್ನು ಕೈಯಿಂದ ನಿಧಾನವಾಗಿ ಎಳೆದರೆ ಇದು ಗೊತ್ತಾಗುತ್ತದೆ: ಕೊನೆಯಲ್ಲಿ ಲೋಹಕ್ಕೆ ಲೋಹ ಬಡಿದ ಸದ್ದಿರಬೇಕು, ರಬ್ಬರಿಗೆ ಬಡಿದಂತಿರಬಾರದು. ಗಿಡ್ಡ ರೂಪಕ್ಕೆಂದೇ ಮಾಡಿದ ಸ್ಪ್ರಿಂಗ್ ಹಾಕಿ. ಮನೆಯಲ್ಲಿ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದ್ದು ಕೆಲವು ದಿನ ಓಡುತ್ತದೆ, ಆಮೇಲೆ ಫಾಲೋವರ್ ಸೋಮಾರಿಯಾಗಿ ಎರಡನೇ ಕಾಯಿಲೆ ಶುರು.

ತೋಟೆ

ಕೊನೆಗೆ ತೋಟೆ. ಗರಾಂಡನ್ನು ಹೊಂದಿಸಿರುವುದು ಸೈನ್ಯದ ಎಂ2 ಬಾಲ್ ತೋಟೆಗೆ, 150 ಗ್ರೇನ್ ತೂಕದ ಆಸುಪಾಸಿನ ಗುಂಡು, ಮಧ್ಯಮ ವೇಗದಲ್ಲಿ ಉರಿಯುವ ಮದ್ದು. ಅಂಗಡಿಯ ಬೇಟೆ ತೋಟೆಗಳಲ್ಲಿ, ಅದರಲ್ಲೂ ಭಾರದ ಗುಂಡಿನವುಗಳಲ್ಲಿ, ನಿಧಾನ ಉರಿಯುವ ಮದ್ದು ಇರುತ್ತದೆ. ಅದು ತೂತಿನ ಹತ್ತಿರ ಬರುವಾಗಲೂ ಒತ್ತಡ ಉಳಿಸಿಕೊಂಡಿರುತ್ತದೆ. ಆ ಹೊಡೆತಕ್ಕೆ ರಾಡ್ ಬಾಗುತ್ತದೆ. ಬೆಸೆದ ಗಿಡ್ಡ ರಾಡಿಗೆ ಈ ಪೆಟ್ಟು ಇನ್ನೂ ಕೆಟ್ಟದ್ದು. ಡಬ್ಬಿಯ ಮೇಲೆ ‘ಎಂ1 ಗರಾಂಡಿಗೆ’ ಎಂದು ಬರೆದದ್ದನ್ನೇ ತನ್ನಿ. ಹೊಂದಿಸಬಹುದಾದ ಗ್ಯಾಸ್ ಪ್ಲಗ್ ಹಾಕಿ ಹೆಚ್ಚುವರಿ ಗ್ಯಾಸನ್ನು ಹೊರಗೆ ಬಿಡುವ ದಾರಿಯೂ ಇದೆ. ಡ್ರಿಲ್ಲಿಗಿಂತ ಅದು ಎಷ್ಟೋ ಮೇಲು, ತಪ್ಪಾದರೆ ತಿರುಗಿಸಿ ಸರಿಮಾಡಬಹುದು.

ದೋಷವಲ್ಲದ ದೋಷ

ನಳಿಗೆಯ ಬಾಯಿಯಲ್ಲಿ ಬೆಂಕಿಯ ಚೆಂಡು, ಕಿವಿ ಗುಂಯ್ ಅನ್ನುವ ಸದ್ದು. ಇದನ್ನು ರಿಪೇರಿ ಮಾಡಿಸಲು ಹೋಗಬೇಡಿ. 24 ಇಂಚಿಗೆಂದು ತುಂಬಿದ ಮದ್ದು 18 ಇಂಚಿನಲ್ಲಿ ಪೂರ್ತಿ ಉರಿಯುವುದಿಲ್ಲ, ಉಳಿದದ್ದು ಹೊರಗೆ ಉರಿಯುತ್ತದೆ. 1944ರಲ್ಲಿ ದೂರು ಬಂದದ್ದೂ ಇದರ ಮೇಲೆಯೇ. ಇಯರ್ ಪ್ಲಗ್ ಹಾಕಿ ಅದರ ಮೇಲೆ ಇಯರ್ ಮಫ್ ಹಾಕಿ. ಚಾವಣಿ ಇರುವ ರೇಂಜಿನಲ್ಲಿ ಪಕ್ಕದವರು ಎದ್ದು ದೂರದ ಬೆಂಚಿಗೆ ಹೋದರೆ ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು, ಗುರಿ ತಪ್ಪುವುದು. ಮುಂದಿನ ಸೈಟ್ (ಗುರಿ ನೋಡುವ ಮೊಳೆ) ಕೂತಿರುವುದು ಗ್ಯಾಸ್ ಸಿಲಿಂಡರಿನ ಮೇಲೆ, ಸಿಲಿಂಡರ್ ಅಲುಗಾಡಿದರೆ ಗುಂಡೂ ಅಲೆಯುತ್ತದೆ. ಅದು ದೋಷ, ಬಿಗಿ ಮಾಡಿಸಿ. ಆದರೆ ಹಿಂದಿನ ಸೈಟಿನ ಒಂದು ಕ್ಲಿಕ್ ತಿರುಗಿಸಿದಾಗ 100 ಗಜದಲ್ಲಿ ಗುಂಡು ಒಂದು ಇಂಚಿನ ಬದಲು ಒಂದೂಕಾಲು ಇಂಚು ಸರಿದರೆ ಅದು ದೋಷವಲ್ಲ. ಎರಡು ಸೈಟುಗಳ ನಡುವಿನ ದೂರ 28 ಇಂಚಿನಿಂದ 22ಕ್ಕೆ ಇಳಿದಿದೆ, ಲೆಕ್ಕ ಅಷ್ಟೇ. ಎತ್ತರ ಹೊಂದಿಸುವ ತಿರುಗು ಗುಂಡಿಯ ಮೇಲಿನ ದೂರದ ಅಂಕಿಗಳನ್ನೂ ಹಾಗೇ ನಂಬಬೇಡಿ, ಅವು ಉದ್ದದ ನಳಿಗೆಗೆ ಕೊರೆದವು.

ಗನ್‌ಸ್ಮಿತ್ ಹತ್ತಿರದಿಂದ ಬಂದ ಮೇಲೆ ಐದು ಕ್ಲಿಪ್ ಹೊಡೆದೆ, ನಲವತ್ತು ಈಡು. ಐದು ಸಲವೂ ‘ಟಿಂಗ್’. ಆಮೇಲೆ ಮನೆಗೆ ಬಂದು ಪಿಸ್ಟನ್ 0.526, ತೂತು 0.08, ಸ್ಪ್ರಿಂಗ್ ಹಾಕಿದ ತಾರೀಕು, ಮರ ತಿಕ್ಕಿದ ಜಾಗ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಹಿಡಿಯ ಹಿಂಬದಿಯ ಲೋಹದ ಮುಚ್ಚಳದೊಳಗೆ, ಸೈನಿಕರು ಒರೆಸುವ ಸಾಮಾನು ಇಡುತ್ತಿದ್ದ ಗೂಡಿನಲ್ಲಿ ಸುರುಳಿ ಸುತ್ತಿ ಇಟ್ಟೆ. ನನ್ನ ನಂತರ ಇದನ್ನು ಯಾರು ಕೊಳ್ಳುತ್ತಾರೋ ಗೊತ್ತಿಲ್ಲ, ಅವರು ಆ ಮುಚ್ಚಳ ತೆಗೆದು ನೋಡಲಿ.